ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ನಾನು ನಿರ್ಧರಿಸಿದ ಬಗೆ

ಮುಟ್ಟು ಪೂರ್ತಿ ನಿಂತ ಮೇಲೆ ನಾನು ಹಾರ್ಮೋನ್ ಚಿಕಿತ್ಸೆ ಆರಂಭಿಸಿದ್ದೇನೆಂದು ತಿಳಿದಾಗ ಆಪ್ತರಲ್ಲಿ ಬಹಳ ಮಂದಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅದರಿಂದ ಕ್ಯಾನ್ಸರ್ ಬರುವುದಿಲ್ಲವೇ?” ಕಾಳಜಿಯಿಂದ ಹುಟ್ಟಿದ ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಿಲ್ಲ, ಚಿಕಿತ್ಸೆಗೆ ಒಪ್ಪುವ ಮುನ್ನ ನಾನೂ ಅದನ್ನೇ ಕೇಳಿಕೊಂಡಿದ್ದೆ. ಆದರೆ ಬರುತ್ತದೆ ಅಥವಾ ಬರುವುದಿಲ್ಲ ಎಂದು ಒಂದೇ ಮಾತಿನಲ್ಲಿ ಅದಕ್ಕೆ ಉತ್ತರ ಹೇಳಲಾಗದು. ಕೊಡುವುದು ಯಾವ ಹಾರ್ಮೋನು, ಅದು ಮಾತ್ರೆಯಾಗಿ ಹೊಟ್ಟೆ ಸೇರುತ್ತದೆಯೋ ಚರ್ಮದ ಮೂಲಕ ರಕ್ತ ಸೇರುತ್ತದೆಯೋ, ಮುಟ್ಟು ನಿಂತು ಎಷ್ಟು ವರ್ಷಗಳಾಗಿವೆ, ಗರ್ಭಕೋಶ ಇದೆಯೋ ತೆಗೆದಿದ್ದಾರೋ, ಹತ್ತಿರದ ರಕ್ತಸಂಬಂಧಿಗಳಿಗೆ ಯಾವ ಕಾಯಿಲೆಗಳು ಬಂದಿವೆ, ಚಿಕಿತ್ಸೆಯನ್ನು ಎಷ್ಟು ಕಾಲ ಮುಂದುವರಿಸುವ ಉದ್ದೇಶವಿದೆ ಎಂಬುದನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗಲೇ ಪ್ರತಿಯೊಬ್ಬ ಹೆಣ್ಣಿಗೂ ಅವಳಿಗೆ ಸಲ್ಲುವ ಉತ್ತರ ಸಿಗುವುದು.

ನನ್ನನ್ನು ವೈದ್ಯರ ಬಳಿಗೆ ಕಳಿಸಿದ್ದು ಮುಖ್ಯವಾಗಿ ನಿದ್ದೆಗೇಡು. ರಾತ್ರಿ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರಿ, ಮೈಯೆಲ್ಲ ಬೆವೆತು, ಸ್ವಲ್ಪ ಹೊತ್ತಿಗೆ ಚಳಿ ಹತ್ತಿ, ಮತ್ತೆ ಕಣ್ಣು ಮುಚ್ಚುವಷ್ಟರಲ್ಲಿ ಇನ್ನೊಮ್ಮೆ ಅದೇ ಆಗುತ್ತಿತ್ತು. ಹೀಗೆ ತುಂಡು ತುಂಡಾದ ನಿದ್ದೆಯ ಮರುದಿನ ಗಮನ ಎಲ್ಲೂ ನಿಲ್ಲುತ್ತಿರಲಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಅಕ್ಕ ಮಾತ್ರ “ಅಮ್ಮ ಇದನ್ನೆಲ್ಲ ಸಹಿಸಿಕೊಳ್ಳಲಿಲ್ಲವೇನೇ?” ಎಂದಳು. ಅಮ್ಮ ಸಹಿಸಿಕೊಂಡದ್ದು ನಿಜ, ಆದರೆ ಅವಳಿಗೆ ಬೇರೆ ದಾರಿಯಿದೆಯೆಂದು ಯಾರೂ ಹೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಬಿಸಿಯೇರುವಿಕೆ ಮನಸ್ಸಿನ ದೌರ್ಬಲ್ಯವಲ್ಲ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಸ್ರವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದಾಗ ಮಿದುಳಿನಲ್ಲಿ ಮೈಯ ಉಷ್ಣತೆಯನ್ನು ನಿಯಂತ್ರಿಸುವ ಹೈಪೊಥಲಾಮಸ್‌ನಲ್ಲಿರುವ ಕೆಲವು ನರಕೋಶಗಳು ಹತೋಟಿ ತಪ್ಪಿ ಚುರುಕಾಗುತ್ತವೆ. ಅದರಿಂದಾಗಿ ಮೈಯ ಉಷ್ಣತೆ ತೀರ ಅಲ್ಪವಾಗಿ ಏರಿದರೂ ದೇಹ ಅದನ್ನು ಅತಿಯಾದ ಸೆಕೆಯೆಂದೇ ಬಗೆದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ ಎಂಬ ಸಮಾಧಾನವೂ ಎಲ್ಲರಿಗೂ ಸಲ್ಲುವುದಿಲ್ಲ: ಅಮೆರಿಕದಲ್ಲಿ ನಡೆದ ‘ಸ್ವಾನ್’ ಎಂಬ ದೀರ್ಘ ಅಧ್ಯಯನದಲ್ಲಿ, ಪದೇ ಪದೇ ಬಿಸಿಯೇರುತ್ತಿದ್ದ ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಆ ತೊಂದರೆ 7.4 ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು.

ಹಾಗಿದ್ದರೆ ಇಷ್ಟೊಂದು ಭಯ ಎಲ್ಲಿಂದ ಬಂತು? ಬಹುಪಾಲು 2002ರ ಜುಲೈ ತಿಂಗಳಿನಿಂದ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಅಧ್ಯಯನದ ಒಂದು ಭಾಗದಲ್ಲಿ, ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ಸಂಶ್ಲೇಷಿತ ಔಷಧ) ಸೇರಿದ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಗುತ್ತಿತ್ತು. ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಕಂಡುಬಂದುದರಿಂದ ಆ ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಿತು ಎಂಬುದು ಜಗತ್ತಿನೆಲ್ಲೆಡೆ ತಲೆಬರಹವಾಯಿತು. ಅಸಂಖ್ಯ ಮಹಿಳೆಯರು ಚಿಕಿತ್ಸೆಯನ್ನು ಕೈಬಿಟ್ಟರು, ವೈದ್ಯರು ಬರೆದುಕೊಡುವುದನ್ನೂ ಕಡಿಮೆ ಮಾಡಿದರು. ಅದೇ ಅಂಕಿಯನ್ನು ಇನ್ನೊಂದು ರೀತಿಯಲ್ಲಿ ಬರೆದರೆ ಹೀಗಾಗುತ್ತದೆ: ವರ್ಷವೊಂದರಲ್ಲಿ 10,000 ಮಹಿಳೆಯರ ಪೈಕಿ ಹುಸಿಮಾತ್ರೆ ಪಡೆದವರಲ್ಲಿ 30 ಮಂದಿಗೆ, ಹಾರ್ಮೋನ್ ಪಡೆದವರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಹಾಗೆಯೇ ಪಾರ್ಶ್ವವಾಯುವಿನ ಪ್ರಕರಣಗಳು 8 ಹೆಚ್ಚಿದ್ದವು, ಸೊಂಟದ ಮೂಳೆ ಮುರಿತಗಳು 5 ಕಡಿಮೆಯಾಗಿದ್ದವು. ಎಂಟು ಮಂದಿ ಎಂಬುದು ಅಲಕ್ಷಿಸಬಹುದಾದ ಸಂಖ್ಯೆಯೆಂದು ನಾನು ಖಂಡಿತ ಹೇಳಲಾರೆ. ಆ ಎಂಟರಲ್ಲಿ ನಾನೊಬ್ಬಳಾಗಿದ್ದರೆ ನನಗದು ಪೂರ್ಣ ಸತ್ಯ. ಆದರೆ ನಿರ್ಧಾರ ಮಾಡಬೇಕಾದವಳ ಮುಂದೆ ಶೇಕಡಾವಾರು ಹೆಚ್ಚಳವನ್ನು ಮಾತ್ರ ಇಟ್ಟು ಮೂಲಸಂಖ್ಯೆಯನ್ನು ಬಚ್ಚಿಡುವುದು ನ್ಯಾಯವಲ್ಲ.

ಆ ಅಧ್ಯಯನದಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಎಂದರೆ ಬಹಳಷ್ಟು ಮಂದಿಗೆ ಮುಟ್ಟು ನಿಂತು ದಶಕವೇ ಕಳೆದಿತ್ತು. ಅವರಿಗೆ ಕೊಟ್ಟದ್ದು ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಸಂಶ್ಲೇಷಿತ ಹಾರ್ಮೋನು, ಅದೂ ಬಾಯಿಯ ಮೂಲಕ. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಒಂದನ್ನೇ ಪಡೆದ ಇನ್ನೊಂದು ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಆದರೆ ಪಾರ್ಶ್ವವಾಯು ಹೆಚ್ಚಿತು. ಆ ಭಾಗ 2004ರಲ್ಲಿ ನಿಂತಿತು. ಈ ಎರಡೂ ಗುಂಪುಗಳ ಸುಮಾರು 18 ವರ್ಷಗಳ ಮಾಹಿತಿಯನ್ನು 2017ರಲ್ಲಿ ಪ್ರಕಟಿಸಿದಾಗ, ಹಾರ್ಮೋನ್ ಪಡೆದವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಹೆಚ್ಚಿರಲಿಲ್ಲವೆಂದು ತಿಳಿಯಿತು. ಇಂದು ತಜ್ಞ ಸಂಘಟನೆಗಳು ಹೇಳುವುದು ಇಷ್ಟು: ತೊಂದರೆಯ ಲಕ್ಷಣಗಳಿದ್ದು, 60 ವರ್ಷದೊಳಗಿದ್ದು ಅಥವಾ ಮುಟ್ಟು ನಿಂತು 10 ವರ್ಷ ದಾಟಿರದೆ, ಬೇರೆ ಅಡ್ಡಿಗಳೂ ಇಲ್ಲದಿದ್ದರೆ ಸಾಮಾನ್ಯವಾಗಿ ಲಾಭದ ತಟ್ಟೆಯೇ ಭಾರ. ನಾನು ಆ ಅವಧಿಯೊಳಗಿದ್ದೆ.

ಇಷ್ಟು ಓದಿದ ಮಾತ್ರಕ್ಕೆ ಸ್ತನ ಕ್ಯಾನ್ಸರಿನ ವಿಷಯ ಮುಗಿಯುವುದಿಲ್ಲ, ಮತ್ತು ಅದನ್ನು ಮುಚ್ಚಿಡುವವರ ಮಾತನ್ನೂ ನಾನು ನಂಬುವುದಿಲ್ಲ. 2019ರಲ್ಲಿ 58 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 50ನೇ ವಯಸ್ಸಿನಿಂದ 5 ವರ್ಷ ಕಾಲ ಈಸ್ಟ್ರೋಜನ್ ಜೊತೆಗೆ ಪ್ರತಿದಿನ ಪ್ರೊಜೆಸ್ಟಿನ್ ತೆಗೆದುಕೊಂಡ ಪಾಶ್ಚಾತ್ಯ ದೇಶಗಳ ಮಹಿಳೆಯರಲ್ಲಿ, ಮುಂದಿನ 20 ವರ್ಷಗಳ ಅವಧಿಯಲ್ಲಿ ಪ್ರತಿ 50 ಮಂದಿಗೆ ಒಬ್ಬರಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಅದು ಪ್ರತಿ 200ಕ್ಕೆ ಒಬ್ಬರು. ಬಳಸಿದ ಅವಧಿ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಈ ಅಂಕಿಗಳನ್ನು ನಾನು ಕಾಗದದ ಮೇಲೆ ಬರೆದುಕೊಂಡೇ ವೈದ್ಯರನ್ನು ಕಾಣಲು ಹೋದೆ.

ಮೊದಲು ಕಂಡ ವೈದ್ಯರು ವಯಸ್ಸಾದಂತೆ ಇದೆಲ್ಲ ಸಹಜವೆಂದು ಹೇಳಿ ನಿದ್ದೆಯ ಮಾತ್ರೆ ಬರೆದುಕೊಟ್ಟರು. ಎರಡನೆಯವರು ಸ್ತ್ರೀರೋಗ ತಜ್ಞೆ, ಅವರು ಕುಳಿತು ಕೇಳಿದರು. ಹಾರ್ಮೋನ್ ಮಟ್ಟ ತಿಳಿಯಲು ರಕ್ತ ಪರೀಕ್ಷೆ ಬೇಡವೇ ಎಂದಾಗ, 45 ದಾಟಿದವರಲ್ಲಿ ಲಕ್ಷಣಗಳು ಮತ್ತು ಮುಟ್ಟು ನಿಂತ ಇತಿಹಾಸವೇ ಸಾಕೆಂದರು. ಬದಲಿಗೆ ರಕ್ತದೊತ್ತಡ ನೋಡಿದರು, ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸಿದರು, ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂದು ವಿವರವಾಗಿ ವಿಚಾರಿಸಿದರು, ಅಮ್ಮ ಮತ್ತು ಅಕ್ಕನ ಆರೋಗ್ಯವನ್ನು ಕೇಳಿದರು. ಸ್ತನ ಕ್ಯಾನ್ಸರ್ ಬಂದಿದ್ದವರು, ಕಾರಣ ಗೊತ್ತಾಗದ ರಕ್ತಸ್ರಾವವಿರುವವರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ತೀವ್ರ ಯಕೃತ್ತಿನ ಕಾಯಿಲೆಯಿರುವವರು ಈ ಚಿಕಿತ್ಸೆಯಿಂದ ದೂರವಿರಬೇಕಾಗುತ್ತದೆ. ಈ ಪ್ರಶ್ನೆಗಳನ್ನೇ ಕೇಳದೆ ಔಷಧ ಬರೆಯುವ ವೈದ್ಯರಿಂದಲೂ, ಈ ಪ್ರಶ್ನೆಗಳನ್ನೇ ಕೇಳದೆ ಬೇಡವೆನ್ನುವ ವೈದ್ಯರಿಂದಲೂ ಎದ್ದು ಬರುವುದು ಲೇಸು.

ನನಗೆ ಬರೆದುಕೊಟ್ಟದ್ದು ಚರ್ಮಕ್ಕೆ ಹಚ್ಚುವ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ರೂಪ) ಜೆಲ್ ಮತ್ತು ರಾತ್ರಿ ನುಂಗುವ 100 ಮಿಲಿಗ್ರಾಂ ಪ್ರೊಜೆಸ್ಟರಾನ್. ಜೆಲ್ ಏಕೆಂದರೆ, ಮಾತ್ರೆಯ ಈಸ್ಟ್ರೋಜನ್ ಮೊದಲು ಯಕೃತ್ತನ್ನು ಹಾದುಹೋಗುವಾಗ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋಗುವುದು ನೇರವಾಗಿ ರಕ್ತ ಸೇರುವುದರಿಂದ, ಸಾಮಾನ್ಯ ಪ್ರಮಾಣದಲ್ಲಿ ಆ ಅಪಾಯ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಪ್ರೊಜೆಸ್ಟರಾನ್ ಏಕೆಂದರೆ, ಗರ್ಭಕೋಶವಿರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಅದರ ಒಳಪದರ ಬೆಳೆಯುತ್ತಲೇ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. 1975ರಲ್ಲೇ ಈ ನಂಟು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿತ್ತು. ಆದ್ದರಿಂದ ಜೆಲ್‌ನಿಂದ ಹಾಯೆನಿಸುತ್ತಿದೆಯೆಂದು ಪ್ರೊಜೆಸ್ಟರಾನ್ ಅನ್ನು ತಪ್ಪಿಸುವುದು ಎಂದಿಗೂ ಸಲ್ಲದು. ಅದು ತುಸು ಮಂಪರು ತರುತ್ತದೆ. ಮಲಗುವ ಹೊತ್ತಿಗೆ ತೆಗೆದುಕೊಳ್ಳುವುದರಿಂದ ನಿದ್ದೆಗೆ ಅದೇ ನನಗೆ ನೆರವಾಯಿತು. ತೊಳೆದು ಒಣಗಿದ ತೋಳಿಗೋ ತೊಡೆಗೋ ಜೆಲ್ ಹಚ್ಚಬೇಕು, ಸ್ತನಕ್ಕೆ ಹಚ್ಚಬಾರದು; ಹಚ್ಚಿದ ಕೂಡಲೇ ಕೈ ತೊಳೆದುಕೊಳ್ಳಬೇಕು, ಜೆಲ್ ಒಣಗುವವರೆಗೆ ಬಟ್ಟೆ ತಾಗಿಸಬಾರದು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಹಚ್ಚಿದ ಜಾಗ ಅವರ ಮೈಗೆ ತಾಗದಂತೆ ವಿಶೇಷ ಎಚ್ಚರ ಬೇಕು.

ಮೊದಲ ವಾರಗಳಲ್ಲಿ ಸ್ತನಗಳು ಬಿಗಿದು ನೋಯುತ್ತಿದ್ದವು, ಆಗಾಗ ಸ್ವಲ್ಪ ರಕ್ತ ಕಾಣಿಸುತ್ತಿತ್ತು. ನಿಂತುಹೋದ ಮುಟ್ಟು ಮರಳಿತೇ ಎಂದು ಗಾಬರಿಯಾಗುವ ಹೊತ್ತಿಗೆ, ಹೀಗಾಗಬಹುದೆಂದು ತಜ್ಞೆ ಮುಂಚೆಯೇ ಹೇಳಿದ್ದು ನೆನಪಾಗಿ ಸಮಾಧಾನವಾಯಿತು. ಆರಂಭದ ಮೂರರಿಂದ ಆರು ತಿಂಗಳಲ್ಲಿ ಇಂಥ ರಕ್ತಸ್ರಾವ ಸಾಮಾನ್ಯ. ಅದು ಆರು ತಿಂಗಳ ನಂತರವೂ ಉಳಿದರೆ, ಜೋರಾಗಿದ್ದರೆ ಅಥವಾ ನಿಂತು ಮತ್ತೆ ಶುರುವಾದರೆ ಗರ್ಭಕೋಶದ ಒಳಪದರವನ್ನು ಪರೀಕ್ಷಿಸಲೇಬೇಕು. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದೂ ಅವರು ತಿಳಿಸಿದ್ದರು.

ಬಿಸಿಯೇರುವಿಕೆ ಒಂದೇ ರಾತ್ರಿಯಲ್ಲಿ ಮಾಯವಾಗಲಿಲ್ಲ, ಮೆಲ್ಲಮೆಲ್ಲನೆ ವಿರಳವಾಯಿತು. ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಅದು ಹುಸಿಮಾತ್ರೆಗಿಂತ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆಂದು ಕಂಡಿದೆ. ನನ್ನ ಅನುಭವ ಅದಕ್ಕೆ ಹೊಂದುತ್ತದೆ. ನಿದ್ದೆ ಮರಳಿದ ಮೇಲೆ ಸಿಡಿಮಿಡಿಯೂ ತಾನಾಗಿ ಇಳಿಯಿತು. ಆದರೆ ಸೊಂಟದ ಸುತ್ತಲಿನ ತೂಕ ಕರಗಲಿಲ್ಲ, ಬೆರಳಿನ ಗಂಟುಗಳ ಬೆಳಗಿನ ಬಿಗಿತ ಸ್ವಲ್ಪ ಮಟ್ಟಿಗಷ್ಟೇ ಇಳಿಯಿತು. ಯೌವನ ಮರಳಿಸುವ ಮದ್ದೆಂದು ಇದನ್ನು ಮಾರುವವರನ್ನು ನಂಬಬೇಡಿ. ಮುಂದೆಂದೋ ಬರಬಹುದಾದ ಹೃದ್ರೋಗವನ್ನು ತಡೆಯಲೆಂದೇ ಇದನ್ನು ಆರಂಭಿಸುವುದಕ್ಕೂ ಸಾಕ್ಷ್ಯದ ಬೆಂಬಲವಿಲ್ಲ. ಮೂಳೆಗೆ ಮಾತ್ರ ಇದು ನಿಜವಾದ ರಕ್ಷಣೆ ಕೊಡುತ್ತದೆ.

ಹೇಳಲು ಸಂಕೋಚಪಟ್ಟು ಹೆಂಗಸರು ವರ್ಷಗಟ್ಟಲೆ ನರಳುವ ತೊಂದರೆಯೊಂದಿದೆ, ಅದರ ಬಗ್ಗೆ ಸ್ಪಷ್ಟವಾಗಿ ಬರೆಯಬೇಕು. ಈಸ್ಟ್ರೋಜನ್ ಇಲ್ಲದೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಉರಿ, ಸಂಭೋಗದಲ್ಲಿ ನೋವು, ಮೂತ್ರದ ಅವಸರ, ಮತ್ತೆ ಮತ್ತೆ ಮೂತ್ರದ ಸೋಂಕು ಎಲ್ಲವೂ ಇದರಿಂದಲೇ ಬರಬಹುದು. ಬಿಸಿಯೇರುವಿಕೆ ಕಾಲಕ್ರಮದಲ್ಲಿ ಇಳಿಯುವಂತೆ ಇದು ಇಳಿಯುವುದಿಲ್ಲ, ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚುತ್ತಲೇ ಹೋಗುತ್ತದೆ. ಇದಕ್ಕೆ ಅಲ್ಲಿಗೇ ಬಳಸುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಅಥವಾ ಗುಳಿಗೆಗಳಿವೆ. ಅವುಗಳಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಜೊತೆಗೆ ಪ್ರೊಜೆಸ್ಟರಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, 70 ದಾಟಿದವರೂ ಬಳಸಬಹುದು. ಮೇಲಿಂದ ಮೇಲೆ ಆ್ಯಂಟಿಬಯೋಟಿಕ್ ನುಂಗುತ್ತಿರುವ ವಯಸ್ಸಾದ ತಾಯಂದಿರ ಪರವಾಗಿ ಮಕ್ಕಳಾದರೂ ವೈದ್ಯರಲ್ಲಿ ಈ ಮಾತು ಎತ್ತಬೇಕೆಂಬುದು ನನ್ನ ಬಲವಾದ ಕೋರಿಕೆ.

ಹಾರ್ಮೋನ್ ತೆಗೆದುಕೊಳ್ಳಲಾಗದವರು ಬರಿಗೈಯಲ್ಲಿ ಮರಳಬೇಕಾಗಿಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಸಣ್ಣ ಪ್ರಮಾಣದಲ್ಲಿ ಬಿಸಿಯೇರುವಿಕೆಯನ್ನು ತಗ್ಗಿಸುತ್ತವೆ. ಹೈಪೊಥಲಾಮಸ್‌ನ ಆ ನರಕೋಶಗಳ ಮೇಲೆಯೇ ಕೆಲಸ ಮಾಡುವ ಫೆಜೊಲಿನೆಟಾಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು, ಆದರೆ ಅದನ್ನು ಬಳಸುವಾಗ ಯಕೃತ್ತಿನ ಪರೀಕ್ಷೆ ಅಗತ್ಯ. ಇನ್ನು 40 ವರ್ಷಕ್ಕೆ ಮೊದಲೇ ಮುಟ್ಟು ನಿಂತವರ ವಿಷಯ ಬೇರೆಯೇ. ಅವರಿಗೆ ಕಳೆದುಹೋದ ಹಾರ್ಮೋನನ್ನು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ತುಂಬಿಕೊಡುವುದು ಮೂಳೆ ಮತ್ತು ಹೃದಯದ ರಕ್ಷಣೆಗೆ ಅವಶ್ಯಕವಾದ್ದರಿಂದ, ಮೇಲೆ ಹೇಳಿದ ಅಪಾಯದ ಅಂಕಿಗಳನ್ನು ಅವರಿಗೆ ಅನ್ವಯಿಸಿ ಹೆದರಿಸಬಾರದು.

ಎಷ್ಟು ಕಾಲ ಮುಂದುವರಿಸಬೇಕೆಂಬುದಕ್ಕೆ ಎಲ್ಲರಿಗೂ ಒಂದೇ ಗಡುವಿಲ್ಲ. ವರ್ಷಕ್ಕೊಮ್ಮೆ ತಜ್ಞೆಯನ್ನು ಕಂಡು, ರಕ್ತದೊತ್ತಡವನ್ನೂ ಸ್ತನಗಳನ್ನೂ ಪರೀಕ್ಷಿಸಿಕೊಂಡು, ಇನ್ನೂ ಬೇಕೇ, ಕಡಿಮೆ ಪ್ರಮಾಣ ಸಾಕೇ ಎಂದು ಹೊಸದಾಗಿ ತೀರ್ಮಾನಿಸುವುದೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ನಿಲ್ಲಿಸುವ ದಿನ ಬಂದಾಗ ಒಮ್ಮೆಲೇ ಬಿಡುವ ಬದಲು ಜೆಲ್ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತೇವೆ. ಬಿಸಿಯೇರುವಿಕೆ ಮರಳಿದರೆ ಆಗ ಮತ್ತೆ ಅವರೊಡನೆ ಕುಳಿತು, ಅಂದಿನ ನನ್ನ ವಯಸ್ಸಿಗೂ ಆರೋಗ್ಯಕ್ಕೂ ತಕ್ಕಂತೆ ಲಾಭ ನಷ್ಟಗಳನ್ನು ಮೊದಲಿನಿಂದ ತೂಗಿ ನೋಡುತ್ತೇನೆ.