ಹಿನ್ನೀರು ನೋಡೋಕೆ ಹೋಗಿ ದನ ನೋಡಿದ್ವಿ: ಕೊಡಗಿಗೆ ಗಾಡಿ ಮಾಡಿಕೊಂಡು ಹೊರಟಿರೋರಿಗೆ

ರೂಮಿನ ಹುಡುಗ ಕಿಟಕಿಯ ಪರದೆ ಸರ್ರನೆ ಎಳೆದು, "ಬ್ಯಾಕ್‌ವಾಟರ್ ವ್ಯೂ ಸಾರ್" ಅಂದ. ಹೊರಗೆ ನೋಡಿದೆ. ಬಿರುಕು ಬಿಟ್ಟ ಕೆಂಪು ಮಣ್ಣು. ಅದರ ಮೇಲೆ ಏಳೆಂಟು ದನ ಮೇಯುತ್ತಿದ್ದವು. ತುಂಬಾ ದೂರದಲ್ಲಿ, ಯಾರೋ ಒಣಗಲು ಹಾಕಿದ ಪಂಚೆಯ ಹಾಗೆ ಬೆಳ್ಳಗೆ ನೀರಿನ ಒಂದು ಪಟ್ಟಿ. ಅಮ್ಮ ನನ್ನ ಹಿಂದೆ ಬಂದು ನಿಂತು, "ಕೆರೆ ಬತ್ತಿಹೋಗಿದೆಯಲ್ಲೋ" ಅಂದರು. ಒಂದು ರೂಮಿಗೆ ರಾತ್ರಿಗೆ 5,500 ರೂಪಾಯಿ. ಹೀಗೆ ಎರಡು ರೂಮು.

ತಪ್ಪು ಅರ್ಧ ನಮ್ಮದೇ. ಏಪ್ರಿಲ್ ಎರಡನೇ ವಾರ ಹೋಗಿದ್ದೆವು. ಅಕ್ಕನ ಮಗನ ಪರೀಕ್ಷೆ ಮುಗಿದಿತ್ತು, ಬೆಂಗಳೂರಿನ ಸೆಕೆ ತಡೆಯೋಕಾಗ್ತಿರಲಿಲ್ಲ. ಬೆಟ್ಟವೂ ಬೇಕು, ನೀರೂ ಬೇಕು, ಖರ್ಚು ಮಾತ್ರ ಜಾಸ್ತಿ ಆಗಬಾರದು ಅನ್ನೋದು ನಮ್ಮ ಲೆಕ್ಕ. ಭಾವನ ತಲೆಯಲ್ಲಿ ಹಿನ್ನೀರು ಅಂದರೆ ಕೇರಳದ ಆಲಪ್ಪುಳ, ದೋಣಿಮನೆ, ತೆಂಗಿನ ಸಾಲು. ಅಲ್ಲಿನ ಹಿನ್ನೀರು ಸಮುದ್ರದ ಜೊತೆ ಸೇರಿಕೊಂಡಿರೋದು, ವರ್ಷಪೂರ್ತಿ ಇರುತ್ತೆ. ಕೊಡಗಿನದು ಅಣೆಕಟ್ಟೆಯ ನೀರು. ಕುಶಾಲನಗರದ ಹತ್ತಿರ ಕಾವೇರಿಯ ಉಪನದಿ ಹಾರಂಗಿಗೆ ಕಟ್ಟಿರೋ ಅಣೆಕಟ್ಟೆ ಅದು. ಮಳೆಗಾಲದಲ್ಲಿ ತುಂಬುತ್ತೆ, ಆಮೇಲೆ ಕಾಲುವೆಯಲ್ಲಿ ಗದ್ದೆಗಳಿಗೆ ಹರಿದು ಹೋಗುತ್ತೆ. ಬೇಸಿಗೆ ಹೊತ್ತಿಗೆ ದಡ ಹಿಂದೆ ಹಿಂದೆ ಸರಿದು ಬರೀ ಮಣ್ಣು ಉಳಿಯುತ್ತೆ. ಬುಕ್ ಮಾಡುವಾಗ ನೋಡಿದ ಫೋಟೋದಲ್ಲಿ ನೀರು ಕಿಟಕಿಯ ಕೆಳಗೇ ಇತ್ತು. ಆ ಫೋಟೋ ಯಾವ ತಿಂಗಳದ್ದು ಅಂತ ಕೇಳಬೇಕು ಅನ್ನೋದು ಯಾರಿಗಾದರೂ ಹೊಳೆಯುತ್ತಾ ಹೇಳಿ.

ನೀವು ಕೇಳಿ. ಇನ್ನೂ ಒಳ್ಳೇದು, "ಇವತ್ತು ಬೆಳಿಗ್ಗೆ ತೆಗೆದ ಒಂದು ಫೋಟೋ ವಾಟ್ಸಾಪ್ ಮಾಡಿ" ಅಂತ ಹೇಳಿ. ಕಳಿಸದಿದ್ದರೆ ಅದೇ ಉತ್ತರ.

ರೂಮಿನ ಹೊಟ್ಟೆಯುರಿ ಅಷ್ಟಕ್ಕೇ ಮುಗಿಯಿತು. ಗಾಡಿಯದು ಮಾತ್ರ ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ.

ನಾವು ಆರು ಜನ. ಬೆಂಗಳೂರಿನಿಂದಲೇ ಒಂದು ಎರ್ಟಿಗಾ ಮಾತಾಡಿದೆವು. ಕಿಲೋಮೀಟರ್‌ಗೆ 14 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 500. ಫೋನಿನಲ್ಲಿ ಇಷ್ಟೇ ಹೇಳಿದ್ದು. ಗುರುವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್ಸು. ಒಟ್ಟು ಓಡಿದ್ದು 760 ಕಿಲೋಮೀಟರ್. ನಾನು ಮೀಟರ್ ಫೋಟೋ ತೆಗೆದಿಟ್ಟುಕೊಂಡಿದ್ದೆ, ಬಿಲ್ಲು ಹತ್ತು ಸಾವಿರದ ಚಿಲ್ಲರೆ, ಮೇಲೆ ಬಾಟಾ ಎರಡು ಸಾವಿರ ಅಂತ ಮನಸ್ಸಲ್ಲೇ ಲೆಕ್ಕ ಹಾಕಿಕೊಂಡು ಹಾಯಾಗಿದ್ದೆ.

ಬಂದಿದ್ದು 1,500 ಕಿಲೋಮೀಟರ್‌ಗೆ ಬಿಲ್ಲು.

ಹೊರ ಊರಿಗೆ ಹೋದರೆ ದಿನಕ್ಕೆ ಕಡಿಮೆ ಅಂದರೂ 300 ಕಿಲೋಮೀಟರ್ ಲೆಕ್ಕ ಅಂತೆ, ಗಾಡಿ ನಿಂತಲ್ಲೇ ನಿಂತಿದ್ದರೂ. ಸರಿ, ನಾಲ್ಕು ದಿನಕ್ಕೆ 1,200 ಆಯಿತಲ್ಲ, ಮಿಕ್ಕ 300 ಎಲ್ಲಿಂದ ಬಂತು? ಭಾನುವಾರ ರಾತ್ರಿ ಮೈಸೂರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡು ನಾವು ಮನೆ ಮುಟ್ಟಿದ್ದು 12 ಗಂಟೆ 25 ನಿಮಿಷಕ್ಕೆ. ತಾರೀಖು ಬದಲಾಯಿತು, ಐದನೇ ದಿನ ಶುರು! 25 ನಿಮಿಷಕ್ಕೆ 300 ಕಿಲೋಮೀಟರ್, ಜೊತೆಗೆ ಒಂದು ಬಾಟಾ. ಡ್ರೈವರ್ ಪಾಪ ಒಳ್ಳೆಯ ಮನುಷ್ಯ, ತಲೆ ತಗ್ಗಿಸಿಕೊಂಡು ನಿಂತಿದ್ದರು. ಮಾಲೀಕನ ಜೊತೆ ಗೇಟಿನ ಮುಂದೆ ನಿಂತು ಅರ್ಧ ಗಂಟೆ ಫೋನಿನಲ್ಲಿ ಜಗಳ. ಕೊನೆಗೆ ಐದನೇ ದಿನದ ಕಿಲೋಮೀಟರ್ ಬಿಟ್ಟ, ಬಾಟಾ ಬಿಡಲಿಲ್ಲ. 16,800 ಪ್ಲಸ್ 2,500, ಒಟ್ಟು 19,300. ಟೋಲು, ಪಾರ್ಕಿಂಗ್ ಬೇರೆ.

ಆಮೇಲೆ ವಿಚಾರಿಸಿದರೆ ಈ ಪದ್ಧತಿ ಎಲ್ಲ ಕಡೆಯೂ ಇದೆ. ಮೊದಲೇ ಹೇಳಲಿಲ್ಲ ಅನ್ನೋದೇ ನನ್ನ ಸಿಟ್ಟು. ಅದಕ್ಕಿಂತ ಮುಖ್ಯವಾದ್ದು, ಕೊಡಗಿಗೆ ಈ ಲೆಕ್ಕ ಹೊಂದೋದೇ ಇಲ್ಲ. ಹೋಗೋ ದಿನ, ಬರೋ ದಿನ ಬಿಟ್ಟರೆ ಅಲ್ಲಿ ನೀವು ದಿನಕ್ಕೆ ನೂರು ಕಿಲೋಮೀಟರ್ ಓಡಿದರೆ ಹೆಚ್ಚು. ಮಡಿಕೇರಿಯಿಂದ ತಲಕಾವೇರಿ 50 ಕಿಲೋಮೀಟರ್‌ಗೂ ಕಡಿಮೆ, ಆದರೆ ತಿರುವಿನ ಮೇಲೆ ತಿರುವು. ಹೋಗಿ ಬರೋದರಲ್ಲೇ ದಿನ ಮುಗಿದುಹೋಗುತ್ತೆ. ಅಂದರೆ ಮಧ್ಯದ ಪ್ರತಿ ದಿನವೂ ಓಡದೇ ಇರೋ 200 ಕಿಲೋಮೀಟರ್‌ಗೆ ದುಡ್ಡು ಕಟ್ಟುತ್ತೀರಿ.

ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಭಾವ ಹೇಳಿದ್ದರು. ಬೇಡ. ಬಾಡಿಗೆಗೆ ಹಳದಿ ಬೋರ್ಡೇ ಆಗಬೇಕು. ಏನಾದರೂ ಆದರೆ ಇನ್ಶೂರೆನ್ಸ್ ತಕರಾರು ಯಾರಿಗೆ ಬೇಕು?

ಇನ್ನು ನೋಡಿದ ಜಾಗಗಳು. ದುಬಾರೆ ಆನೆ ಶಿಬಿರದ ಹತ್ತಿರ ಏಪ್ರಿಲ್‌ನಲ್ಲಿ ಹೊಳೆ ಎಷ್ಟು ಇಳಿದಿತ್ತು ಅಂದರೆ ಜನ ಬಂಡೆ ಮೇಲೆ ಕಾಲಿಟ್ಟು ಆ ಕಡೆಗೆ ದಾಟುತ್ತಿದ್ದರು. ಅಮ್ಮನಿಗೆ ಮಂಡಿ ನೋವು, ಈ ದಡದಲ್ಲೇ ಕೂತರು. ಆನೆಗಳ ಸ್ನಾನ ನೋಡೋದಾದರೆ ಬೆಳಿಗ್ಗೆಯೇ ಹೋಗಿ. ದಸರಾ ಹತ್ತಿರ ಇದ್ದರೆ ಶಿಬಿರದ ಕೆಲವು ಆನೆಗಳು ಮೈಸೂರಿಗೆ ಹೋಗಿರುತ್ತವೆ, ನೆನಪಿರಲಿ. ಅಬ್ಬಿ ಜಲಪಾತ ನೋಡಿ ಅಕ್ಕನ ಮಗ, "ನಮ್ಮನೆ ನಲ್ಲಿಯಲ್ಲೇ ಇದಕ್ಕಿಂತ ಜಾಸ್ತಿ ಬರುತ್ತೆ" ಅಂದ. ನೀರಿಗಿಂತ ಜನವೇ ಹೆಚ್ಚು ಹರಿಯುತ್ತಿದ್ದರು. ರಾಜಾಸೀಟ್ ಶನಿವಾರ ಸಂಜೆ ಕೆ.ಆರ್. ಮಾರ್ಕೆಟ್ ಥರ ಇರುತ್ತೆ. ನನಗೆ ಜನಜಂಗುಳಿ ಆಗಿಬರಲ್ಲ, ಹಾಗಾಗಿ ಇವೆರಡರ ಬಗ್ಗೆ ನನ್ನ ಮಾತು ನಂಬಲೇಬೇಕು ಅಂತೇನಿಲ್ಲ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗಬೇಕು. ನಾನು, ಭಾವ, ಹುಡುಗ ಮಾತ್ರ ಹೋದೆವು. ಜೀಪು ಹತ್ತೋ ಮೊದಲು ಎರಡು ವಿಷಯ ಬಾಯಿಬಿಟ್ಟು ಕೇಳಿ: ಪ್ರವೇಶದ ದುಡ್ಡು ಸೇರಿದೆಯಾ, ಮೇಲೆ ಎಷ್ಟು ಹೊತ್ತು ನಿಲ್ಲಿಸ್ತೀರಾ. ನಮ್ಮವನು ಅರ್ಧ ಗಂಟೆಗೇ ಹಾರ್ನ್ ಹೊಡೆಯೋಕೆ ಶುರು ಮಾಡಿದ.

ಆದರೆ ಊಟ!

ತಲಕಾವೇರಿ, ಭಾಗಮಂಡಲ ಮುಗಿಸಿ ಕಕ್ಕಬೆ ಕಡೆಗೆ ಹೋಗುವಾಗ ನಾಪೋಕ್ಲು ಹತ್ತಿರ ರಸ್ತೆ ಪಕ್ಕ ಒಂದು ಪುಟ್ಟ ಹೋಟೆಲ್. ತಗಡಿನ ಮಾಡು, ನಾಲ್ಕೇ ಟೇಬಲ್ಲು. ಬೋರ್ಡಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಡ್ರೈವರ್ ತೋರಿಸಿದ್ದಲ್ಲ, ಹೊಟ್ಟೆ ಹಸಿದು ನಾವೇ ನಿಲ್ಲಿಸಿದ್ದು. ಮಡಿಕೇರಿಯಲ್ಲಿ ಹಿಂದಿನ ದಿನ ದೊಡ್ಡ ಹೋಟೆಲಿನಲ್ಲಿ 'ಕೂರ್ಗಿ ಥಾಲಿ' ಅಂತ ತಿಂದು ಬೇಸತ್ತಿದ್ದೆವು, ಅದರಲ್ಲಿ ಪನೀರ್ ಇತ್ತು. ಇಲ್ಲಿ ಒಬ್ಬ ಅಕ್ಕ ಒಬ್ಬರೇ ಅಡುಗೆ, ಬಡಿಸೋದು, ದುಡ್ಡು ತಗೊಳ್ಳೋದು ಎಲ್ಲ. ನಮಗೆ ಕಡಂಬುಟ್ಟು, ಪಂದಿಕರಿ (ಹಂದಿ ಮಾಂಸದ ಸಾರು). ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸೋದು. ಬಿಸಿ ಉಂಡೆ ಮುರಿದರೆ ಒಳಗಿಂದ ಹಬೆ ಬರಬೇಕು, ಬಂತು. ಪಂದಿಕರಿ ಕಪ್ಪಗೆ, ಎಣ್ಣೆ ಅಂಚಿಗೆ ಬಿಟ್ಟುಕೊಂಡಿತ್ತು. ಆ ಕಪ್ಪು, ಆ ಹುಳಿ ಎರಡೂ ಕಾಚಂಪುಳಿಯದ್ದು. ಮಲೆನಾಡಿನವರು ಉಪ್ಪಾಗೆ ಅಂತಾರಲ್ಲ, ಆ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗೋವರೆಗೆ ಕುದಿಸಿದ್ದು.

ಅಮ್ಮ ಸಸ್ಯಾಹಾರಿ. "ನಂಗೆ ಮೊಸರನ್ನ ಸಾಕು" ಅಂತ ಮೂಲೆ ಹಿಡಿದು ಕೂತಿದ್ದರು. ಆ ಅಕ್ಕ ಬಂದು, "ಮೊಸರನ್ನ ಮನೇಲೂ ಸಿಗುತ್ತಲ್ಲಾಮ್ಮ, ಕಾಡು ಮಾಂಗೆ ಉಂಟು, ಬೇರೆ ಪಾತ್ರೆ, ನೋಡಿ" ಅಂತ ಒಂದು ಬಟ್ಟಲು ತಂದಿಟ್ಟರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಕಾಡು ಮಾವು, ಇಡೀ ಇಡೀ ಹಣ್ಣು, ಬೆಲ್ಲ, ಹಸಿಮೆಣಸು, ಸಾಸಿವೆ ಒಗ್ಗರಣೆಯ ರಸದಲ್ಲಿ ಮುಳುಗಿದ್ದವು. ಜೊತೆಗೆ ನೂಪುಟ್ಟು, ಅದೇ ಒತ್ತು ಶಾವಿಗೆ. ಚಮಚದಲ್ಲಿ ತಿನ್ನೋಕೆ ಬರಲ್ಲ ಅದು. ಹಣ್ಣನ್ನು ಕೈಯಲ್ಲಿ ಹಿಡಿದು ಹಿಂಡಿ, ರಸ ಶಾವಿಗೆಗೆ ಬಿಟ್ಟು, ಓಟೆ ಬಾಯಿಗಿಟ್ಟು ಚೀಪಬೇಕು. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಗಂಟಲ ಹತ್ತಿರ ಖಾರ. ಎಪ್ಪತ್ತೊಂದು ವರ್ಷದ ನಮ್ಮಮ್ಮ ಮೊಣಕೈವರೆಗೆ ರಸ ಇಳಿಸಿಕೊಂಡು ಐದು ಓಟೆ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಆರು ಜನಕ್ಕೆ, ಕಾಫಿ ಸೇರಿ, 780 ರೂಪಾಯಿ. ಕಾಡು ಮಾವು ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಹೋದರೆ ಬೈಂಬಳೆ, ಅಂದರೆ ಕಳಲೆ, ಕೇಳಿ. ಬೋರ್ಡಿನಲ್ಲಿ ಇರೋದಿಲ್ಲ, ಬಾಯಿಬಿಟ್ಟು ಕೇಳಬೇಕು.

ಆ ರಾತ್ರಿ ಕಕ್ಕಬೆ ಹತ್ತಿರ ಒಂದು ಹೋಮ್‌ಸ್ಟೇ. ತಲೆಗೆ 1,400, ರಾತ್ರಿ ಊಟ, ಬೆಳಿಗ್ಗೆ ತಿಂಡಿ ಸೇರಿ. ಹಿನ್ನೀರಿನ ರೂಮಿಗಿಂತ ನೂರು ಪಾಲು ಮೇಲು. ಬಿಸಿನೀರು ಹಂಡೆಯಲ್ಲಿ ಕಾಯಿಸಿದ್ದು, ಟಿವಿ ಇಲ್ಲ, ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಇನ್ನೊಂದು ವಿಷಯ ಅಲ್ಲಿ ಗಮನಿಸಿದೆ. ಮನೆಯವರು ಮೊದಲು ಕೇಳಿದ್ದೇ "ಡ್ರೈವರ್ ಊಟ ಆಯ್ತಾ?" ಅಂತ. ಅವರಿಗೂ ಒಂದು ಮಂಚ, ಹೊದಿಕೆ ಕೊಟ್ಟರು. ಹಿಂದಿನ ಎರಡು ರಾತ್ರಿ ಪಾಪ ಅವರು ಗಾಡಿಯಲ್ಲೇ ಮಲಗಿದ್ದರು, ನಮಗೆ ಗೊತ್ತೇ ಇರಲಿಲ್ಲ. ರೂಮು ಬುಕ್ ಮಾಡುವಾಗ ಡ್ರೈವರ್ ಎಲ್ಲಿ ಮಲಗ್ತಾರೆ ಅಂತ ಕೇಳಿ. ನಿದ್ದೆಗೆಟ್ಟ ಮನುಷ್ಯ ಮರುದಿನ ಘಾಟಿಯಲ್ಲಿ ಗಾಡಿ ಓಡಿಸಬೇಕು.

ಅಲ್ಲೇ ಹತ್ತಿರ, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ಬುಡದಲ್ಲಿ ನಾಲ್ಕುನಾಡು ಅರಮನೆ. 1792ರ ಹೊತ್ತಿಗೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಮೈಸೂರಿನಂಥ ಅರಮನೆ ಅಂದುಕೊಂಡು ಹೋದರೆ ನಿರಾಸೆ ಆಗುತ್ತೆ. ಹೆಂಚಿನ ಮಾಡಿನ ದೊಡ್ಡ ಮನೆ ಅಂದುಕೊಂಡು ಹೋಗಿ, ಮರದ ಕೆತ್ತನೆ ಚೆನ್ನಾಗಿದೆ. ನಾವಿದ್ದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಅಗ್ಗದ ದಾರಿ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ನಾನು, ಹೆಂಡತಿ, ಅಮ್ಮ ಮತ್ತೆ ಹೋದೆವು. ತುಲಾ ಸಂಕ್ರಮಣದ ತೀರ್ಥೋದ್ಭವ ಅಕ್ಟೋಬರ್ 17ರ ಸುಮಾರಿಗೆ ಬರುತ್ತೆ, ಆ ದಿನ ತಲಕಾವೇರಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹತ್ತು ದಿನ ಬಿಟ್ಟು, ಅದೂ ವಾರದ ಮಧ್ಯೆ ಹೋದರೆ ಆರಾಮ. ಕೊಡಗಿಗೆ ರೈಲಿಲ್ಲ. ಬೆಂಗಳೂರಿನ ಸ್ಯಾಟಲೈಟ್ ನಿಲ್ದಾಣದಿಂದ ಮಡಿಕೇರಿಯ ಕೆಂಪು ಬಸ್ಸು ಹತ್ತಿ ಕುಶಾಲನಗರದಲ್ಲಿ ಇಳಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ. ಆಧಾರ್ ತೋರಿಸಿದರೆ ಆಯಿತು. ಮೂರು ಜನಕ್ಕೆ ನನ್ನದೊಂದೇ ಟಿಕೆಟ್ಟಿನ ದುಡ್ಡು. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯಲ್ಲ. ಮಡಿಕೇರಿಯಿಂದ ಒಳ ಊರುಗಳಿಗೆ ಓಡೋ ಖಾಸಗಿ ಬಸ್ಸಿಗೂ ಇಲ್ಲ.

ಕುಶಾಲನಗರದಲ್ಲಿ ಅಲ್ಲಿಯದೇ ಹಳದಿ ಬೋರ್ಡಿನ ಕಾರು ಮಾತಾಡಿದೆವು. ದಿನಕ್ಕೆ 2,700, ಪೆಟ್ರೋಲ್ ಸೇರಿ, ನೂರು ಕಿಲೋಮೀಟರ್‌ವರೆಗೆ. ದಾಟಿದರೆ ಕಿಲೋಮೀಟರ್‌ಗೆ 15. ರಾತ್ರಿ ಅವರು ಅವರ ಮನೆಗೆ ಹೋಗುತ್ತಾರೆ, ಹಾಗಾಗಿ ಬಾಟಾ ಇಲ್ಲ. ಮೂರು ದಿನಕ್ಕೆ 8,100, ಜೊತೆಗೆ ತಲಕಾವೇರಿಯ ದಿನ ಜಾಸ್ತಿ ಓಡಿದ್ದಕ್ಕೆ 600. ಇದನ್ನೆಲ್ಲ ವಾಟ್ಸಾಪಿನಲ್ಲಿ ಬರೆಸಿಕೊಂಡೆ. ಆ ಅಣ್ಣ ನಕ್ಕು, "ಎಲ್ಲೋ ಚೆನ್ನಾಗಿ ಪೆಟ್ಟು ತಿಂದಿದ್ದೀರಿ ಸಾರ್" ಅಂದರು.

ಅವರೇ ಸಂಜೆ ಚಿಕ್ಲಿಹೊಳೆ ಜಲಾಶಯಕ್ಕೆ ಕರೆದುಕೊಂಡು ಹೋದದ್ದು. ಸಣ್ಣ ಜಲಾಶಯ, ಅರ್ಧಚಂದ್ರದ ಹಾಗಿರೋ ಕಟ್ಟೆ, ತುಂಬಿದಾಗ ನೀರು ಅದರ ಮೇಲಿಂದ ಜಾರಿ ಬೀಳುತ್ತೆ. ಅಮ್ಮ ದಡದ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, "ಈಗ ನೋಡು, ಇದು ಹಿನ್ನೀರು" ಅಂದರು. 5,500 ರೂಪಾಯಿಗೆ ಸಿಗದೇ ಇದ್ದದ್ದು. ನೀರಿಗೆ ಮಾತ್ರ ಇಳಿಯಬೇಡಿ, ಇಲ್ಲೂ ಬೇಡ, ಹಾರಂಗಿಯಲ್ಲೂ ಬೇಡ. ದಡದಲ್ಲಿ ಹೂಳು, ಆಳ ಗೊತ್ತಾಗಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ವಯಸ್ಸಾದವರನ್ನು ಕರೆದುಕೊಂಡು ಹೋಗೋಕೆ ನನಗೆ ಧೈರ್ಯ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಮಳೆ ಇಷ್ಟಪಡೋ ಹುಡುಗರಾದರೆ ನಿಮ್ಮಿಷ್ಟ, ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಕುಟ್ಟದ ಕಡೆಯಿಂದ ನಾಗರಹೊಳೆ ಕಾಡಿನೊಳಗೆ ವಾಪಸ್ಸು ಬರೋ ಯೋಚನೆ ಇದ್ದರೆ ಮಧ್ಯಾಹ್ನವೇ ಹೊರಡಿ, ಸಂಜೆ 6ಕ್ಕೆ ಗೇಟು ಹಾಕಿಬಿಡುತ್ತಾರೆ.

ದಾರಿಯುದ್ದಕ್ಕೂ ಜೇನು, ಚಾಕೊಲೇಟು, ವೈನು ಅಂತ ಅಂಗಡಿಗಳು ಸಾಲುಸಾಲು. ಎಲ್ಲದಕ್ಕೂ 'ಹೋಮ್‌ಮೇಡ್' ಅನ್ನೋ ಬೋರ್ಡು. ಡ್ರೈವರ್ ತಾನಾಗಿ ಅಂಗಡಿ ಮುಂದೆ ನಿಲ್ಲಿಸಿದರೆ ಇಳಿದು ಕಾಲಾಡಿಸಿ, ಜೇಬಿಗೆ ಕೈ ಹಾಕಬೇಡಿ. ಕಾಫಿಪುಡಿ, ಕಾಳುಮೆಣಸು ಊರಿನ ಸಂತೆಯಲ್ಲೋ ಹೋಮ್‌ಸ್ಟೇಯವರ ಹತ್ತಿರವೋ ತಗೊಳ್ಳಿ. ನಾಪೋಕ್ಲಿನ ಆ ಅಕ್ಕನ ಹತ್ತಿರ ಎರಡನೇ ಸಲ ಒಂದು ಬಾಟಲಿ ಕಾಚಂಪುಳಿ ತಂದೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೊಂದು ಕವರ್ ಹಾಕಿ, ನೆಟ್ಟಗೆ ಇಟ್ಟುಕೊಂಡು ಬನ್ನಿ. ನಾನು ಹಾಗೆ ಮಾಡಲಿಲ್ಲ. ಆ ಬಿಳಿ ಶರ್ಟು ಈಗ ಗಾಡಿ ಒರೆಸೋಕೆ ಇದೆ.