ಪಕ್ಕದ ದೋಣಿಯವರ ತೊಂಬತ್ತು ದಿನ

ಕ್ರಿಸ್‌ಮಸ್ ರಜೆಯನ್ನು ಹಾಯಿದೋಣಿಯಲ್ಲಿ ಕಳೆದು ಬಂದೆವು ಎಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ವಾಂತಿ ಆಯ್ತಾ? ಆಗಲಿಲ್ಲ. ದೋಣಿ ಎಲ್ಲಿಗೂ ಹೋಗಲೇ ಇಲ್ಲವಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರು ಬೇಸಿಗೆಯಿಡೀ ಊರೂರು ಅಲೆಯುತ್ತಾರೆ. ಅಕ್ಟೋಬರ್ ಬಂತೆಂದರೆ ಬಿರುಗಾಳಿಗೆ ಅಂಜಿ ಯಾವುದಾದರೂ ಮರೀನಾ, ಅಂದರೆ ದೋಣಿ ಕಟ್ಟುವ ಬಂದರು, ಹಿಡಿದು, ಆರು ತಿಂಗಳ ಬಾಡಿಗೆ ಕಟ್ಟಿ, ಹಗ್ಗ ಬಿಗಿದು ಕೂತುಬಿಡುತ್ತಾರೆ. ಸಿಸಿಲಿಯ ದಕ್ಷಿಣ ತೀರದ ಮರೀನಾ ದಿ ರಗೂಸಾ ಇಂಥವರ ದೊಡ್ಡ ಬೀಡು. 2009ರಲ್ಲಿ ತೆರೆದ ಬಂದರು, ಏಳುನೂರು ಚಿಲ್ಲರೆ ದೋಣಿಗಳಿಗೆ ಜಾಗ. ಬೇಸಿಗೆಯಲ್ಲಿ ಇಟಲಿಯವರು ಕಿಕ್ಕಿರಿಯುವ ಊರು, ಚಳಿಗಾಲದಲ್ಲಿ ಅರ್ಧ ಅಂಗಡಿಗೆ ಬೀಗ.

ಅಲ್ಲಿ ನಮ್ಮ ದೊಡ್ಡಪ್ಪನ ಮಗಳು ಅಕ್ಕ, ಭಾವ ಇದ್ದಾರೆ. ಭಾವ ಕುಮಟಾದವರು. ಮರ್ಚೆಂಟ್ ನೇವಿಯ ಎಂಜಿನ್ ರೂಮಿನಲ್ಲಿ ಅರ್ಧ ಆಯುಷ್ಯ ಕಳೆದು, ರಾಟರ್‌ಡ್ಯಾಮಿನಲ್ಲಿ ನೆಲೆನಿಂತು ಡಚ್ ಪ್ರಜೆಯಾದವರು. ನಿವೃತ್ತಿಯಾದದ್ದೇ ತಡ, ಮೂವತ್ತಾರು ಅಡಿಯ ದೋಣಿ ಕೊಂಡರು. ಹಾಯಿಕಂಬ ಇಳಿಸಿ ಡೆಕ್ ಮೇಲೆ ಉದ್ದಕ್ಕೆ ಮಲಗಿಸಿಕೊಂಡು ಫ್ರಾನ್ಸಿನ ಕಾಲುವೆಗಳಲ್ಲಿ ಬಂದರಂತೆ, ಅಲ್ಲಿನ ಎಷ್ಟೋ ಸೇತುವೆಗಳಡಿ ಮೂರೂವರೆ ಮೀಟರಿಗಿಂತ ಎತ್ತರದ್ದು ನುಸುಳುವುದಿಲ್ಲ. ರೋನ್ ನದಿ ಇಳಿದು ಸಮುದ್ರ ಸೇರಿದ ಮೇಲೆ ಕಂಬ ಮತ್ತೆ ನಿಲ್ಲಿಸಿದ್ದು. ನಾವಿರುವುದು ಐಂಡ್‌ಹೋವನ್‌ನಲ್ಲಿ. 2023ರ ಉಳಿದ ರಜೆಯನ್ನೆಲ್ಲ ಒಟ್ಟು ಹಾಕಿ, ಡಿಸೆಂಬರ್ ಎರಡನೇ ವಾರ ನಾನೂ ನಮ್ಮನೆಯವರೂ ಹೊರಟೆವು.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು, ಈಗಲೂ ಸಿಟ್ಟು ಇಳಿದಿಲ್ಲ. ಕಟಾನಿಯಾ ವಿಮಾನ ನಿಲ್ದಾಣದಿಂದ ರಗೂಸಾದವರೆಗೆ ಬಸ್ ಸಲೀಸು. ಅಲ್ಲಿಂದ ಕಡಲ ತೀರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬಸ್ ಕಂಪನಿಯ ವೆಬ್‌ಸೈಟಿನಲ್ಲಿ ರಾತ್ರಿ ಎಂಟಕ್ಕೂ ಬಸ್ ಇತ್ತು. ಅದು ಬೇಸಿಗೆಯ ವೇಳಾಪಟ್ಟಿ, ಡಿಸೆಂಬರ್ ಬಂದರೂ ತೆಗೆದಿರಲಿಲ್ಲ. ರಗೂಸಾ ಸಮುದ್ರಮಟ್ಟದಿಂದ ಐನೂರು ಮೀಟರ್ ಮೇಲಿದೆ. ಸಿಸಿಲಿ ಬೆಚ್ಚಗಿರುತ್ತದೆ ಎಂದು ನಂಬಿ ಬಂದವರು ಕತ್ತಲಲ್ಲಿ ಸೂಟ್‌ಕೇಸಿನ ಮೇಲೆ ಕೂತು ನಡುಗಿದೆವು. ಕೊನೆಗೆ ಭಾವನೇ ಯಾರದೋ ಕಾರು ಕೇಳಿ ತಂದರು. ಹೋಗುವವರಿಗೆ ನನ್ನ ಸಲಹೆ: ಸಿಸಿಲಿಯಲ್ಲಿ ಬಸ್ಸಿನ ಸಮಯವನ್ನು ಬಸ್‌ಸ್ಟ್ಯಾಂಡಿನ ಪಕ್ಕದ ತಂಬಾಕು ಅಂಗಡಿಯಲ್ಲೇ ಕೇಳಿ, ಟಿಕೆಟ್ಟೂ ಅಲ್ಲೇ ಸಿಗುತ್ತದೆ. ಭಾನುವಾರ, ಹಬ್ಬದ ದಿನ ಬಸ್ಸನ್ನು ನೆಚ್ಚಬೇಡಿ. ಇನ್ನು ಸೂಟ್‌ಕೇಸನ್ನಂತೂ ಒಯ್ಯಲೇಬೇಡಿ. ಅದನ್ನು ಇಡುವಷ್ಟು ಜಾಗ ದೋಣಿಯಲ್ಲಿ ಎಲ್ಲೂ ಇಲ್ಲ, ಬಟ್ಟೆಯ ಚೀಲವಾದರೆ ಮಡಚಿ ಹಾಸಿಗೆಯಡಿ ತುರುಕಬಹುದು. ನಮ್ಮ ಸೂಟ್‌ಕೇಸುಗಳು ರಜೆಯಿಡೀ ಭಾವನ ಡೆಕ್ ಮೇಲೆ ತಾಡಪಾಲು ಹೊದ್ದುಕೊಂಡು ಮಲಗಿದ್ದವು.

ದೋಣಿಯಲ್ಲಿ ಚಳಿಗಿಂತ ದೊಡ್ಡ ಶತ್ರು ತೇವ. ತಳ ಸದಾ ತಣ್ಣನೆಯ ನೀರಿನಲ್ಲಿ ಕೂತಿರುತ್ತದೆ, ಒಳಗೆ ನಾಲ್ಕು ಜನ ಉಸಿರಾಡುತ್ತಾರೆ, ಅನ್ನ ಬೇಯುತ್ತದೆ, ಚಹಾ ಕುದಿಯುತ್ತದೆ. ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ, ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿ ಹನಿಯಾಗುತ್ತದೆ. ಬೆಳಗಿನ ಜಾವ ನನ್ನ ಹಣೆಯ ಮೇಲೆ ಟಪ್ ಅಂತ ಬಿದ್ದದ್ದು ಮಳೆಯಲ್ಲ, ನಾವೇ ರಾತ್ರಿ ಬಿಟ್ಟ ಉಸಿರು. ಅಕ್ಕ ಹಾಸಿಗೆಯಡಿ ಮರದ ಪಟ್ಟಿಗಳ ಜಾಲರಿ ಹಾಕಿಸಿದ್ದಾಳೆ, ಗಾಳಿ ಆಡದಿದ್ದರೆ ವಾರದೊಳಗೆ ಬೂಷ್ಟು. ಕಪಾಟಿನ ಬಾಗಿಲುಗಳೆಲ್ಲ ಸದಾ ಅರ್ಧ ತೆರೆದೇ ಇರುತ್ತವೆ. ತೇವ ಹೀರುವ ಯಂತ್ರ ಹಗಲೂ ರಾತ್ರಿ ಗೊಣಗುತ್ತಿರುತ್ತದೆ. ದಿನಾ ಬೆಳಗ್ಗೆ ಅದರ ಡಬ್ಬಿಯ ನೀರು ಚೆಲ್ಲುವುದು ನಮ್ಮನೆಯವರ ಪಾಲಿಗೆ ಬಂದ ಕೆಲಸ. ಎಷ್ಟು ನೀರು ಬಂತೆಂದು ಅವರು ದಿನಾ ವರದಿ ಕೊಡುವುದು, ನಾವು ಯಾರೂ ಕೇಳದಿರುವುದು.

ಕರೆಂಟಿನದೂ ಒಂದು ಲೆಕ್ಕ. ದಡದ ಕಂಬದಿಂದ ಒಂದೊಂದು ದೋಣಿಗೆ 16 ಆಂಪಿಯರ್, ಅಂದರೆ ಮೂರೂವರೆ ಕಿಲೋವ್ಯಾಟ್‌ಗಿಂತ ತುಸು ಹೆಚ್ಚು. ಹೀಟರ್ ಹಚ್ಚಿದಾಗ ಕೆಟಲ್ ಹಚ್ಚಿದರೆ ಎಲ್ಲ ಕತ್ತಲೆ. ಸ್ವಿಚ್ ಇರುವುದು ಹೊರಗಿನ ಕಂಬದಲ್ಲಿ, ಮಳೆಯಲ್ಲಿ. ಹಾಗಾಗಿ ಕೆಟಲ್ ಮುಟ್ಟುವ ಮುನ್ನ "ಹೀಟರ್!" ಎಂದು ಕೂಗುವುದು ಅಲ್ಲಿನ ಶಿಷ್ಟಾಚಾರ.

ಬೆಳಗ್ಗೆ ರೇಡಿಯೋ ಸಭೆ. ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋ ಪ್ರತಿ ದೋಣಿಯಲ್ಲೂ ಇರುತ್ತದೆ, ಅದರಲ್ಲಿ ಒಬ್ಬರು ಗಾಳಿಯ ಮುನ್ಸೂಚನೆ ಓದುತ್ತಾರೆ, ಆಮೇಲೆ ಯಾರಿಗೆ ಏನು ಬೇಕು, ಏನು ಕಳೆದಿದೆ, ಯಾರು ಹೊಸದಾಗಿ ಬಂದರು. ಡಚ್ಚರು, ಜರ್ಮನರು, ಫ್ರೆಂಚರು, ಇಂಗ್ಲಿಷರು, ಅಮೆರಿಕನ್ನರು. "ಭಾರತದ ಇಬ್ಬರು ಅತಿಥಿಗಳು" ಎಂದು ನಮ್ಮನ್ನೂ ಸ್ವಾಗತಿಸಿದರು. ಗಂಟಲು ಕಟ್ಟಿದ ನಾನು ಮೈಕಿನಲ್ಲಿ "ನಮಸ್ಕಾರ" ಅಂದೆ. ಇಡೀ ಬಂದರಿಗೆ ನನ್ನ ನೆಗಡಿ ಗೊತ್ತಾಯಿತು.

ಡಿಸೆಂಬರ್ 13 ಸಂತ ಲೂಸಿಯಾಳ ಹಬ್ಬ. ಅವತ್ತು ಸಿಸಿಲಿಯ ಸಂಪ್ರದಾಯಸ್ಥರು ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. 1646ರ ಬರಗಾಲದಲ್ಲಿ ಸರಿಯಾಗಿ ಇದೇ ದಿನ ಗೋಧಿ ತುಂಬಿದ ಹಡಗು ಬಂತೆಂದೂ, ಹಸಿದ ಜನ ಬೀಸುವಷ್ಟು ತಾಳ್ಮೆಯಿಲ್ಲದೆ ಕಾಳನ್ನೇ ಬೇಯಿಸಿ ತಿಂದರೆಂದೂ ಕಥೆ. ಅದರ ನೆನಪಿಗೆ ಕುಚ್ಚೀಯಾ ಎಂಬ ಸಿಹಿ: ಇಡೀ ಗೋಧಿ ನೆನೆಸಿ, ಬೇಯಿಸಿ, ರಿಕೊಟ್ಟಾ ಎಂಬ ಮೆದು ಚೀಸು, ಸಕ್ಕರೆ ಕಲಸಿ, ಮೇಲೆ ಹಣ್ಣಿನ ತುಣುಕು. ಬೇಕರಿಯ ಹೆಂಗಸು ಲೋಟದಲ್ಲಿ ಹಾಕಿಕೊಟ್ಟಳು. ಒಂದು ಚಮಚ ಬಾಯಿಗಿಟ್ಟು ಅಕ್ಕನ ಮುಖ ನೋಡಿದೆ. ಬೆಲ್ಲ, ಏಲಕ್ಕಿ ಬಿಟ್ಟರೆ ನಮ್ಮ ಗೋಧಿ ಹುಗ್ಗಿಯೇ. ಎರಡನೇ ಲೋಟಕ್ಕೆ ಅಕ್ಕ ಪರ್ಸಿನಿಂದ ಏಲಕ್ಕಿ ಪುಡಿಯ ಡಬ್ಬಿ ತೆಗೆದು ಉದುರಿಸಿದಳು. ಆ ಹೆಂಗಸು ಮೂಸಿ ನೋಡಿ ಹುಬ್ಬೇರಿಸಿದಳು, ಡಬ್ಬಿ ವಾಪಸ್ ಕೊಡಲಿಲ್ಲ.

ಹತ್ತಿರದ ಮೊದಿಕಾದ ಚಾಕೊಲೇಟ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಕಡಿಮೆ ಶಾಖದಲ್ಲಿ ಮಾಡುವುದರಿಂದ ಸಕ್ಕರೆ ಕರಗದೆ ಹಾಗೇ ಉಳಿಯುತ್ತದೆ. ನನಗೆ ಹಲ್ಲಿನಡಿ ಮರಳು ಸಿಕ್ಕಂತಾಯಿತು, ಇನ್ನೊಂದು ತುಂಡು ಕೇಳಲಿಲ್ಲ. ರಗೂಸಾದ ಸ್ಕಾಚಾ ಮಾತ್ರ ದಿನಾ ತಿಂದೆ: ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಟೊಮೆಟೊ, ಚೀಸು ಹಾಕಿ ಮಡಚಿ ಮಡಚಿ ಸುಟ್ಟದ್ದು. ಆ ಚೀಸಿನ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯ ರೆನೆಟ್‌ನಿಂದ ಎಂದು ಭಾವ ಹೇಳಿದ ಮೇಲೆ ನಮ್ಮನೆಯವರು ಬಿಟ್ಟರು. ನನಗೆ ಆ ಮಾತು ಕೇಳಿಸಲೇ ಇಲ್ಲ. ರಗೂಸಾ ಇಬ್ಲಾ, ನೋತೊ, 1693ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಬರೋಕ್ ಊರುಗಳು ಎಲ್ಲ ನೋಡಿದೆವು. ಚೆನ್ನಾಗಿವೆ, ಫೋಟೊ ಎಲ್ಲೆಡೆ ಸಿಗುತ್ತವೆ.

ಒಂದು ರಾತ್ರಿ ಶಿರೋಕ್ಕೊ ಬೀಸಿತು, ಆಫ್ರಿಕಾದ ಕಡೆಯಿಂದ ಬರುವ ಗಾಳಿ. ಕಟ್ಟಿಹಾಕಿದ ದೋಣಿಯೂ ಒಂದು ಕಡೆ ವಾಲುತ್ತದೆಂದು ಆಗಲೇ ಗೊತ್ತಾದದ್ದು. ಹಗ್ಗಗಳು ನರಳಿದವು, ಯಾರದೋ ದೋಣಿಯಲ್ಲಿ ಸಡಿಲ ಬಿಟ್ಟ ಹಗ್ಗ ಹಾಯಿಕಂಬಕ್ಕೆ ಟಿಣ್ ಟಿಣ್ ಎಂದು ಬಡಿಯುತ್ತಲೇ ಇತ್ತು. ಎರಡು ಗಂಟೆಗೆ ಭಾವ ಟಾರ್ಚು ಹಿಡಿದು ಹೊರಬಿದ್ದರು. ಹಗ್ಗ ಸವೆಯುವ ಜಾಗಕ್ಕೆಲ್ಲ ಹಳೆಯ ಪಂಚೆ ಹರಿದು ಸುತ್ತಿದ್ದಾರೆ. ಉಳಿದವರು ತೋಟದ ಪೈಪು ಸೀಳಿ ತೊಡಿಸುತ್ತಾರಂತೆ. "ಪಂಚೆಗಿಂತ ಗಟ್ಟಿ ಎಂತದೂ ಇಲ್ಲ ತಂಗಿ," ಎಂದು ಒದ್ದೆಯಾಗಿ ಒಳಬಂದು ಹೇಳಿದರು. ಬೆಳಗ್ಗೆ ನೋಡಿದರೆ ಡೆಕ್ಕು, ಹಗ್ಗ, ನಮ್ಮ ಸೂಟ್‌ಕೇಸು ಎಲ್ಲ ಕೆಂಪು. ಸಹಾರಾದ ಧೂಳು ಮಳೆಯ ಜೊತೆ ಕೆಸರಾಗಿ ಸುರಿದಿತ್ತು.

ಆ ಟಾರ್ಚಿನ ರಾತ್ರಿ ಭಾವನ ಜೊತೆ ಹೊರಗಿದ್ದವರು ಪಕ್ಕದ ದೋಣಿಯ ಇಂಗ್ಲಿಷ್ ಅಜ್ಜ. ಎಪ್ಪತ್ತು ದಾಟಿದೆ, ಡೆವನ್ ಕಡೆಯವರು, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದರಂತೆ. ಮನೆ ಮಾರಿ ದೋಣಿ ಕೊಂಡವರು. 23ನೇ ತಾರೀಕು ಸಂಜೆ ಗಂಡ ಹೆಂಡತಿ ಅಕ್ಕನ ಮಸಾಲೆ ಚಹಾಕ್ಕೆ ಬಂದರು. ನಾನು ಅಮ್ಮನ ವೀಸಾದ ಗೋಳು ಹೇಳುತ್ತಿದ್ದೆ. ಅಮ್ಮ ಬೇಸಿಗೆಯಲ್ಲಿ ಶಿರಸಿಯಿಂದ ನಮ್ಮಲ್ಲಿಗೆ ಬಂದಿದ್ದರು. ಅದಕ್ಕೆ ಬ್ಯಾಂಕಿನ ಲೆಕ್ಕಪತ್ರ, ನಮ್ಮ ಸಂಬಳದ ಚೀಟಿ, 30,000 ಯೂರೋ ರಕ್ಷಣೆಯ ವಿಮೆ, ವಾಪಸ್ ಹೋಗುತ್ತೇನೆಂಬುದಕ್ಕೆ ಪುರಾವೆಯಾಗಿ ಅಡಿಕೆ ತೋಟದ ಪಹಣಿ. ಹತ್ತು ಬೆರಳಿನ ಗುರುತು ಕೊಡಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಜೀವನವಿಡೀ ಅಡಿಕೆ ಸುಲಿದ ಬೆರಳಿನಲ್ಲಿ ಗೆರೆಗಳೇ ಸರಿಯಾಗಿ ಮೂಡಲಿಲ್ಲ, ಒರೆಸಿ ಒರೆಸಿ ಮತ್ತೆ ಒತ್ತಿಸಿದರು.

ಅಜ್ಜ ಲೋಟ ಕೆಳಗಿಟ್ಟು ಕೇಳಿದರು, "ಎಷ್ಟು ದಿನ ಕೊಟ್ಟರು ನಿಮ್ಮ ತಾಯಿಗೆ?"

"ತೊಂಬತ್ತು."

"ನನಗೂ ಅಷ್ಟೇ," ಅಂದರು.

ಜೇಬಿನಿಂದ ಪುಟ್ಟ ಡೈರಿ ಹೊರಬಂತು. ಪ್ರತಿ ದಿನದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಅಂಕಿ. ಅಕ್ಟೋಬರ್ 15ರ ಮೇಲೆ 1. ಅವತ್ತಿನ ಮೇಲೆ 70. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಿದ್ದು, 2021ರಿಂದ ಅವರ ಪಾಸ್‌ಪೋರ್ಟಿಗೆ ಶೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳಲ್ಲಿ, ಎಲ್ಲ ಸೇರಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ವೀಸಾದ ಕ್ಯೂ ಇಲ್ಲ, ಆಗಿನ್ನೂ ಬೆರಳೊತ್ತುವುದೂ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಎಣಿಕೆ ಮಾತ್ರ ಅದೇ.

ನನಗೆ ಕುತೂಹಲ ತಡೆಯಲಿಲ್ಲ. ಮಾಲ್ಟಾ ಇಲ್ಲೇ ಎದುರಿಗಿದೆಯಲ್ಲ, ತೊಂಬತ್ತು ಕಿಲೋಮೀಟರ್, ಹೋಗಿ ಕೂತುಬಂದರೆ? ಮಾಲ್ಟಾವೂ ಶೆಂಗೆನ್. ಗ್ರೀಸ್? ಅದೂ. ಕ್ರೊಯೇಷಿಯಾ ಹೊರಗಿತ್ತು, ಅಲ್ಲಿ ಹೋಗಿ ದಿನ ಕಳೆಯುತ್ತಿದ್ದರು. 2023ರ ಜನವರಿ 1ರಿಂದ ಅದೂ ಒಳಗೆ. "ನಾವು ಹೋದಲ್ಲೆಲ್ಲ ಗಡಿ ಹಿಂದೆಯೇ ಬರುತ್ತಿದೆ," ಎಂದರು ಅಜ್ಜಿ. ಹಾಗಾಗಿ ವಸಂತದಲ್ಲಿ ಗ್ರೀಸ್, ತೊಂಬತ್ತು ಮುಗಿಯುತ್ತಲೇ ಟರ್ಕಿ, ಅಕ್ಟೋಬರಿಗೆ ಮತ್ತೆ ಇಲ್ಲಿ. ಜನವರಿಯಲ್ಲಿ ದೋಣಿಗೆ ಬೀಗ ಹಾಕಿ ವಿಮಾನ ಹತ್ತಿ ಇಂಗ್ಲೆಂಡಿಗೆ, ಮಗಳ ಮನೆಯ ಸಣ್ಣ ಕೋಣೆಗೆ. ಇಸ್ತ್ರಿ ಮೇಜೂ ಅದೇ ಕೋಣೆಯಲ್ಲಿದೆಯಂತೆ. ಇಟಲಿಯಲ್ಲಿ ಉಳಿಯಲು ದೀರ್ಘಾವಧಿ ವೀಸಾ ಇದೆ, ಅದಕ್ಕೆ ದಡದ ಮೇಲೆ ಮನೆಯಿರುವ ಕಾಗದ ಕೇಳುತ್ತಾರೆ. ಮನೆ ಮಾರಿಯೇ ಅಲ್ಲವೇ ದೋಣಿ ಕೊಂಡದ್ದು.

"ತಮಾಷೆ ಏನು ಗೊತ್ತಾ," ಅಜ್ಜ ಡೈರಿ ಮುಚ್ಚಿದರು, "ಬ್ರಿಟಿಷ್ ಬಾವುಟದ ದೋಣಿಗೆ ಇಲ್ಲಿರಲು ಹದಿನೆಂಟು ತಿಂಗಳು ಅವಕಾಶ. ಮಾಲೀಕನಿಗೆ ಮೂರು."

ಎಲ್ಲರೂ ನಕ್ಕರು. ಒಕ್ಕೂಟ ಬಿಡುವ ಮತದಾನದಲ್ಲಿ ಓಟು ಯಾವ ಕಡೆ ಹಾಕಿದ್ದಿರಿ ಎಂದು ಕೇಳಲು ನಾನು ಬಾಯಿ ತೆರೆದೆ. ಮೇಜಿನಡಿ ಭಾವ ನನ್ನ ಕಾಲು ತುಳಿದರು. ಅವರು ಹೋದ ಮೇಲೆ ಅಕ್ಕ ಹೇಳಿದಳು, ಈ ಸಾಲಿನಲ್ಲಿ ಎರಡೂ ಕಡೆಯವರು ಇದ್ದಾರೆ, ಒಂದೇ ಹಗ್ಗಕ್ಕೆ ದೋಣಿ ಕಟ್ಟುವವರು ಆ ಮಾತೆತ್ತುವುದಿಲ್ಲ. ಆಚೆ ದೋಣಿಯವಳ ಅಜ್ಜಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ಜನನ ಪತ್ರ ಹುಡುಕಿ ತೆಗೆಸಿ ಐರಿಶ್ ಪಾಸ್‌ಪೋರ್ಟ್ ಮಾಡಿಸಿದಳು, ಐರ್ಲೆಂಡ್ ಒಕ್ಕೂಟದಲ್ಲೇ ಇರುವುದರಿಂದ ಅವಳಿಗೀಗ ಎಣಿಕೆಯಿಲ್ಲ. "ಇಲ್ಲಿ ಇಂಗ್ಲಿಷಿನವರೆಲ್ಲ ಅಜ್ಜಿ ಹುಡುಕ್ತಿದ್ದಾರೆ ಮಾರಾಯ್ತಿ," ಎಂದರು ಭಾವ. ಕುಮಟಾದಲ್ಲಿ ಹುಟ್ಟಿದ ಅವರಿಗೆ ಇಲ್ಲಿ ಎಷ್ಟು ದಿನ ಬೇಕಾದರೂ ಇರಲು ತಡೆಯಿಲ್ಲ. ಅದಕ್ಕಾಗಿ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ದಿನದ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ತಮ್ಮ ತಮ್ಮ ತಟ್ಟೆ, ಕುರ್ಚಿ ಹೊತ್ತು ತಂದರು. ದೋಣಿಯ ಓವನ್ನಿಗೆ ಟರ್ಕಿ ಕೋಳಿ ಹಿಡಿಸುವುದಿಲ್ಲ, ಊರ ಬೇಕರಿಯಲ್ಲಿ ಬೇಯಿಸಿ ಕೈಗಾಡಿಯಲ್ಲಿ ತಂದದ್ದು. ಅಕ್ಕನದು ನಿಂಬೆಹಣ್ಣಿನ ಚಿತ್ರಾನ್ನ. ಸಿಸಿಲಿಯ ನಿಂಬೆಯ ಮುಂದೆ ನಮ್ಮೂರಿನದು ಏನೂ ಅಲ್ಲ ಎಂದು ಒಪ್ಪಿಕೊಳ್ಳುತ್ತೇನೆ, ಸಾಸಿವೆ ಒಗ್ಗರಣೆಗೆ ಮಾತ್ರ ಅವರ ಹತ್ತಿರ ಉತ್ತರವಿಲ್ಲ. ಜರ್ಮನ್ ಮುದುಕರೊಬ್ಬರು ಮೂರು ಸಲ ಹಾಕಿಸಿಕೊಂಡರು. ಹೊಸ ವರ್ಷದ ರಾತ್ರಿ ಪಟಾಕಿ, ಹಡಗಿನ ಹಾರನ್ನು, ಮರುದಿನ ಎಲ್ಲರಿಗೂ ತಲೆನೋವು.

ನಾವು ಹೊರಡುವ ಹಿಂದಿನ ದಿನ ಅಜ್ಜ ಕೀಲಿಗೊಂಚಲು ಹಿಡಿದು ಬಂದರು. ಅವರ ವಿಮಾನ ಜನವರಿ 10ಕ್ಕೆ, ಡೈರಿಯ ಪ್ರಕಾರ 88ನೇ ದಿನ. ಇನ್ನೆರಡು ದಿನ ಯಾಕೆ ಬಿಟ್ಟಿರಿ ಎಂದೆ. ಮಂಜು ಬಿದ್ದು ವಿಮಾನ ರದ್ದಾದರೆ? 91 ಆದರೆ ದಂಡ, ಮುಂದಿನ ಸಲ ಗಡಿಯಲ್ಲಿ ಪ್ರಶ್ನೆ. ಮರಳಿ ಬರುವುದು ಏಪ್ರಿಲ್ ಎರಡನೇ ವಾರದ ನಂತರ. ಅಲ್ಲಿಯವರೆಗೆ ಅವರ ದೋಣಿ ಭಾವನ ಸುಪರ್ದಿಗೆ: ತೇವದ ಯಂತ್ರದ ನೀರು ತಾನಾಗಿ ಸಿಂಕಿಗೆ ಹೋಗುವಂತೆ ಪೈಪು ಇಟ್ಟಿದೆ, ಗಾಳಿ ಎದ್ದಾಗ ಹಗ್ಗ ನೋಡಬೇಕು, ಶೌಚಾಲಯದ ಕೆಳಗಿನ ವಾಲ್ವ್ ಮುಚ್ಚಿರಬೇಕು, ಅದು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ದೊಡ್ಡ ಹಡಗಿನ ಎಂಜಿನ್ ನೋಡಿಕೊಂಡ ಭಾವ ವಿಧೇಯ ವಿದ್ಯಾರ್ಥಿಯಾಗಿ ತಲೆಯಾಡಿಸುತ್ತ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡರು.

"ಹೋದ ವರ್ಷವೂ ಇದೇ ಪಾಠ," ಎಂದಳು ಅಕ್ಕ ಕನ್ನಡದಲ್ಲಿ. "ಆ ವಾಲ್ವ್ ಹಾಕಿಕೊಟ್ಟದ್ದೇ ಇವರು."