ನಾಲ್ಕನೇ ಕೈಗೆ ಗೆರೆ ಕೂತಿತು

ಮೊದಲ ಮೂರು ಸಿಲಿಕೋನ್ ಕೈ ಅಟ್ಟ ಸೇರಿವೆ. ಹಪ್ಪಳದ ಡಬ್ಬ ತೆಗೆಯೋಕೆ ಹೋಗಿ ಅಮ್ಮ ಒಂದ್ಸಲ ಕಿರುಚಿದ್ದೂ ಆಯಿತು.

ಕೋಲಾರದ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಆರ್ಸೆನಿಕ್ ವಿಷದ ಲಕ್ಷಣ ತೋರಿಸುವ ಕೈ ಮಾಡ್ತಿದ್ದೇನೆ. ಅಂಗೈಯ ಗಡುಸು ಗಂಟು ಸುಲಭವಾಗಿ ಬಂತು. ಚಿರೋಟಿ ರವೆ ಕಲಸಿ ಮೆತ್ತಿದೆ, ಅಷ್ಟೆ. ಅಚ್ಚು ಮಾತ್ರ ಕೈಕೊಟ್ಟಿತು. ಗಂಧಕ ತಾಗಿದರೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗಲ್ಲ ಅಂತ, ಗಂಧಕ ಇಲ್ಲದ ಜೇಡಿಯನ್ನೇ ಕೇಳಿ ಕೇಳಿ ತರಿಸಿದ್ದೆ. ಸಿಲಿಕೋನ್ ಸುರಿದರೆ ಮೂರು ದಿನವಾದರೂ ಹಲಸಿನ ಮೇಣದ ಹಾಗೆ ಅಂಟಂಟು. ಅಂಗಡಿಯವರು "ಚಳಿಗೆ ಹಂಗೇ ಸಾರ್" ಅಂದರು. ಏಪ್ರಿಲ್‌ನಲ್ಲಿ!

ಅಸಲಿ ತಲೆನೋವು ಉಗುರು. ಆರ್ಸೆನಿಕ್ ಹೊಕ್ಕವರ ಉಗುರಲ್ಲಿ ಮೂಡೋ, 1919ರಲ್ಲಿ ಡಚ್ ವೈದ್ಯ ಮೀಸ್ ವಿವರಿಸಿದ ಅಡ್ಡ ಬಿಳಿ ಗೆರೆ ಬೇಕಿತ್ತು. ನನ್ನದು ಎರಡೂ ತುದಿ ಇಳಿಬಿದ್ದು ನಿಜವಾಗಿಯೂ ಮೀಸೆಯೇ ಆಗಿತ್ತು. ತಿದ್ದಿ ಪರಿಚಯದ ಡಾಕ್ಟರಿಗೆ ತೋರಿಸಿದೆ. "ಏನ್ರೀ, ನೇಲ್ ಪಾಲಿಶಾ?" ಅಂದರು. ಉಗುರಿನ ಕೆಳಗೆ ಬಳಿದೆ. ಅದನ್ನು ಒತ್ತಿ ನೋಡಿದರು, ಗೆರೆ ಮಾಯ. ಹಾಗೆ ಮಾಯವಾದರೆ ಅದು ಮ್ಯೂರ್ಕೆ ಗೆರೆ, ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಮ್ಮಿಯಾದವರದ್ದು. ಮೀಸ್ ಗೆರೆ ಇರೋದು ಉಗುರಿನೊಳಗೇ. ಒತ್ತಿದರೂ ಹೋಗಲ್ಲ, ಉಗುರು ಬೆಳೆದಂತೆ ಮುಂದೆ ಸರಿಯುತ್ತೆ.

ಕೊನೆಗೆ ನೇಲ್ ಆರ್ಟ್‌ನವರ ಯುವಿ ಜೆಲ್ ತಂದೆ. ಒಂದು ಪದರ, ಕೂದಲೆಳೆ ಬ್ರಷ್‌ನಲ್ಲಿ ಬಿಳಿ, ಮೇಲೆ ಇನ್ನೊಂದು ಪದರ. ಒತ್ತಿದರೆ ಅಡಿಯ ಗುಲಾಬಿ ಬಣ್ಣ ಹೋಗುತ್ತೆ, ಗೆರೆ ಕೂತಲ್ಲೇ ಕೂತಿರುತ್ತೆ. ರಾತ್ರಿ ಹನ್ನೊಂದಕ್ಕೆ ಮನೆಯವರನ್ನೆಲ್ಲ ಎಬ್ಬಿಸಿ ಒತ್ತಿಸಿದೆ.

ಗೆರೆ ಬುಡದಿಂದ 6 ಮಿ.ಮೀ. ದೂರದಲ್ಲಿದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತೆ. ಅಂದರೆ ವಿಷ ಹೊಕ್ಕಿದ್ದು ಸುಮಾರು ಎರಡು ತಿಂಗಳ ಹಿಂದೆ. ಅಷ್ಟು ದಿನ ರಕ್ತದಲ್ಲಿ ಅದರ ಸುಳಿವು ಉಳಿಯಲ್ಲ. ಹಾಗಂತ ಗೆರೆ ಕಂಡ ಕೂಡಲೇ ಆರ್ಸೆನಿಕ್ ಅನ್ನೋ ಹಾಗಿಲ್ಲ. ಥ್ಯಾಲಿಯಂ ಅನ್ನೋ ಇನ್ನೊಂದು ವಿಷ, ಕ್ಯಾನ್ಸರ್ ಔಷಧಿ, ಜೋರು ಕಾಯಿಲೆ ಏನು ಬೇಕಾದರೂ ಇರಬಹುದು. ವಿಷ ಈಚಿನದಾದರೆ 24 ಗಂಟೆಯ ಮೂತ್ರ ಪರೀಕ್ಷೆಯೇ ಗತಿ. ಅದಕ್ಕೂ ಮುಂಚೆ ಮೂರ್ನಾಲ್ಕು ದಿನ ಸಮುದ್ರದ ಮೀನು ತಿಂದಿರಬಾರದು, ಅದರಲ್ಲಿರೋ ನಿರಪಾಯದ ಆರ್ಸೆನಿಕ್ ಲೆಕ್ಕ ಕೆಡಿಸುತ್ತೆ. ಅಂಗೈ ಗಂಟಿನ ಕತೆಯೇ ಬೇರೆ, ಅದು ವರ್ಷಗಟ್ಟಲೆ ಕೆಟ್ಟ ನೀರು ಕುಡಿದವರದ್ದು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಚೀಟಿ ಅಂಟಿಸಬೇಕು.

ಇದನ್ನು ಮಾಡುವಾಗಲೇ ಅನಿಸಿತು, ನಮ್ಮ ಬೋರ್‌ವೆಲ್ ನೀರಿನ ಹಳೇ ರೋಗ ಫ್ಲೋರೈಡ್ ಅಲ್ವಾ? ಮುಂದಿನದು ಅದರಿಂದ ಆಗೋ ಕಂದು ಕಲೆಯ ಹಲ್ಲು. ಹಳೇ ಹಲ್ಲು ಸೆಟ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಆ ಜೇಡಿ ಅಂಗಡಿ ವಿಳಾಸ ಮಾತ್ರ ಕೊಡಬೇಡಿ.